ಮೊಬೈಲಾ, ಪಿಸಿನಾ? ಏಷ್ಯಾದ ಗೇಮ್ ಮಾರುಕಟ್ಟೆ ಬಲ್ಲವರು ಒಂದು ಮಾತು ಹೇಳಿ

ತಿರುವು14

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ತಾಳ್ಮೆಯಿಂದ ಓದಿ.

ಬೆಂಗಳೂರಿನಲ್ಲಿ 11 ವರ್ಷದಿಂದ ಹೊರದೇಶದ ಗೇಮ್‌ಗಳಿಗೆ ಆರ್ಟ್ ಮಾಡಿಕೊಡುವ ಕೆಲಸ ನನ್ನದು. ಮರ, ಬಂಡೆ, ಕಾರಿನ ಬಾಗಿಲು, ಸೈನಿಕರ ಬೂಟು. ಸಾವಿರಾರು ಮಾಡಿದ್ದೇನೆ. ಈಗ ನಾಲ್ವರು ಗೆಳೆಯರು ಸೇರಿ ನಮ್ಮದೇ ಒಂದು ಗೇಮ್ ಮಾಡಲು ಹೊರಟಿದ್ದೇವೆ. ಕೈಯಲ್ಲಿರುವ ಉಳಿತಾಯ 18 ತಿಂಗಳಿಗೆ ಸಾಲುತ್ತದೆ.

ಗೇಮ್ ಇಷ್ಟು: 90ರ ದಶಕ. ಆಗುಂಬೆ ಘಾಟಿಯಲ್ಲಿ ಓಡುವ ಮಿನಿ ಬಸ್ಸಿನ ಕಂಡಕ್ಟರ್ ನೀವು. ಸಂಜೆಯ ಕೊನೆ ಟ್ರಿಪ್ಪು. ಟಿಕೆಟ್ ಹರಿಯಬೇಕು, ಚಿಲ್ಲರೆ ಹೊಂದಿಸಬೇಕು, ಜನರ ಮಾತಿಗೆ ಕಿವಿ ಕೊಡಬೇಕು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದು ಕೊಡುತ್ತಾರಲ್ಲ, ಆ ಬಾಕಿಗಳಿಂದಲೇ ಒಬ್ಬೊಬ್ಬರ ಕಥೆ ಬಿಚ್ಚಿಕೊಳ್ಳುತ್ತದೆ.

ಜಗಳ ಎಲ್ಲಿ ಅಂದರೆ, ನಮ್ಮಲ್ಲಿ ಇಬ್ಬರು ಮೊಬೈಲ್ ಅನ್ನುತ್ತಾರೆ. ಬಿಟ್ಟಿ ಡೌನ್‌ಲೋಡ್, ನಡುವೆ ಜಾಹೀರಾತು. ಇನ್ನಿಬ್ಬರು ಪಿಸಿ ಅನ್ನುತ್ತೇವೆ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೆಲೆ ಇಟ್ಟು ಮಾರೋಣ ಅಂತ. ಏಷ್ಯಾ ಕಡೆ ನೋಡಿದರೆ ಎರಡಕ್ಕೂ ಸಾಕ್ಷಿ ಸಿಗುತ್ತದೆ. ಇಷ್ಟು ವರ್ಷ ಏಷ್ಯಾ ಅಂದರೆ ಫೋನ್ ಗೇಮ್ ಅಂತಲೇ ಕೇಳಿಕೊಂಡು ಬಂದೆವು. ಆಮೇಲೆ 2024ರ ಆಗಸ್ಟ್ 20ರಂದು ಚೀನಾದಿಂದ ಬ್ಲ್ಯಾಕ್ ಮಿಥ್: ವುಕಾಂಗ್ ಬಂತು. ಮೂರೇ ದಿನದಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು. ಅದು ದುಡ್ಡು ಕೊಟ್ಟು ಕೊಳ್ಳುವ ಪಿಸಿ ಮತ್ತು ಪ್ಲೇಸ್ಟೇಷನ್ ಗೇಮ್. ಕೊರಿಯಾದಿಂದಲೂ ಲೈಸ್ ಆಫ್ ಪಿ, ಸ್ಟೆಲ್ಲರ್ ಬ್ಲೇಡ್ ಬಂದವು. ಗಾಳಿ ನಿಜವಾಗಿ ತಿರುಗಿದೆಯಾ? ನಮ್ಮಂಥ ನಾಲ್ವರಿಗೆ ಅದರಲ್ಲಿ ಜಾಗ ಇದೆಯಾ?

ಮೊಬೈಲೇ_ಸಾಕು

ಮೊಬೈಲ್. ಎರಡನೇ ಮಾತೇ ಇಲ್ಲ.

ಭಾರತದಲ್ಲಿ ಮಾರುವವರು ಭಾರತದ ಜೇಬು ನೋಡಬೇಕು. 2016ರಲ್ಲಿ ಜಿಯೋ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲೂ ಫೋನೇ ಟಿವಿ, ಫೋನೇ ಗೇಮ್. ಅದೇ ವರ್ಷ ಬಂದ ಲೂಡೋ ಕಿಂಗ್ ಮುಂಬೈನದು. 2020ರ ಲಾಕ್‌ಡೌನ್‌ನಲ್ಲಿ ನಮ್ಮಜ್ಜಿ ಕೂಡ ಅಮೆರಿಕದಲ್ಲಿರುವ ಮೊಮ್ಮಗಳ ಜೊತೆ ಆಡಿದರು. ಪಿಸಿ ಗೇಮ್ ಇದ್ದಿದ್ದರೆ ಆಡುತ್ತಿದ್ದರಾ?

ಇನ್ನು ವುಕಾಂಗ್. ಅದರ ಹಿಂದೆ ಚೀನಾದ ದೈತ್ಯ ಕಂಪನಿ ಟೆನ್ಸೆಂಟ್ ಇದೆ. ನಾಲ್ವರು ಅದನ್ನು ನೋಡಿ ದಾರಿ ಹುಡುಕುವುದು ಸರಿಯಲ್ಲ.

ಲ್ಯಾನ್_ದಾವಣಗೆರೆ

@ಮೊಬೈಲೇ_ಸಾಕು ಒಂದು ತಿದ್ದುಪಡಿ. ವುಕಾಂಗ್ ಮಾಡಿದ್ದು ಗೇಮ್ ಸೈನ್ಸ್. ಟೆನ್ಸೆಂಟ್ ಬಿಟ್ಟು ಬಂದವರು 2014ರಲ್ಲಿ ಕಟ್ಟಿದ ಸ್ಟುಡಿಯೋ. ಟೆನ್ಸೆಂಟ್‌ಗೆ ಅದರಲ್ಲಿ ಸಣ್ಣ ಪಾಲು ಇದೆ ಅಷ್ಟೇ. ಆದರೆ ನಿಮ್ಮ ವಾದಕ್ಕೆ ಬೇಕಾದ ಒಂದು ವಿಷಯ ನೀವೇ ಬಿಟ್ಟಿದ್ದೀರಿ: ಅವರೂ ಮೊದಲು ಫೋನ್ ಗೇಮ್ ಮಾಡಿಯೇ ಹೊಟ್ಟೆ ಹೊರೆದವರು.

ನನ್ನ ಅನುಭವ ಹೇಳುತ್ತೇನೆ. 2004ರಿಂದ ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರ ಸೈಬರ್ ಕೆಫೆ ಇಟ್ಟಿದ್ದೆ. 8 ಸಿಸ್ಟಮ್. ಗಂಟೆಗೆ 15 ರೂಪಾಯಿ. ಹುಡುಗರು ಕೌಂಟರ್ ಸ್ಟ್ರೈಕ್ ಆಡಲು ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮಂಗಳವಾರ ಮಧ್ಯಾಹ್ನ ಕರೆಂಟ್ ಹೋದರೆ ಮನೆಗೆ ಹೋಗುತ್ತಿರಲಿಲ್ಲ, ಕತ್ತಲಲ್ಲೇ ಕೂತು ಹಿಂದಿನ ಮ್ಯಾಚ್ ಮಾತಾಡುತ್ತಿದ್ದರು. ಆ ಕೆಫೆ ಉಳಿದಿದ್ದರೆ ಆ ಹುಡುಗರಿಂದಲೇ ಪಿಸಿ ಗೇಮ್ ಕೊಳ್ಳುವವರು ಹುಟ್ಟುತ್ತಿದ್ದರು. ಸ್ಮಾರ್ಟ್‌ಫೋನ್ ಬಂತು, 2015ಕ್ಕೆ ಬಾಗಿಲು ಹಾಕಿದೆ.

ಕೊರಿಯಾದಲ್ಲಿ ಹಾಗಾಗಲಿಲ್ಲ. 90ರ ದಶಕದ ಕೊನೆಯಲ್ಲಿ ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡ ಎಷ್ಟೋ ಜನ ಪಿಸಿ ಬಾಂಗ್, ಅಂದರೆ ಗೇಮ್ ಆಡುವ ಕೆಫೆ, ತೆರೆದರು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಗೇಮ್ ಬಂತು. ಅಲ್ಲಿಂದಲೇ ಇ-ಸ್ಪೋರ್ಟ್ಸ್, ಅಂದರೆ ಗೇಮ್ ಪಂದ್ಯಾಟ, ಬೆಳೆಯಿತು. ಚೀನಾದಲ್ಲಿ 2000ದಿಂದ ಪ್ಲೇಸ್ಟೇಷನ್‌ನಂಥ ಕನ್ಸೋಲ್ ಮಾರಾಟಕ್ಕೇ ನಿಷೇಧ ಇತ್ತು. ಅದು ಪೂರ್ತಿ ತೆರವಾಗಿದ್ದು 2015ರಲ್ಲಿ. ಹಾಗಾಗಿ ಒಂದು ಇಡೀ ತಲೆಮಾರು ನೆಟ್ ಕೆಫೆಯ ಪಿಸಿಯಲ್ಲೇ ಬೆಳೆಯಿತು. ವುಕಾಂಗ್ ಬಂದಾಗ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 24 ಲಕ್ಷ ಜನ ಆಡಿದರಲ್ಲ, ಅವರು ರಾತ್ರೋರಾತ್ರಿ ಹುಟ್ಟಿದವರಲ್ಲ. 20 ವರ್ಷದಿಂದ ಪಿಸಿ ಮುಂದೆ ಕೂತಿದ್ದವರು. ಹೆಚ್ಚಿನವರು ಚೀನಾದವರೇ. 268 ಯುವಾನ್ ಕೊಟ್ಟು ತಮ್ಮ ದೇಶದ ಗೇಮ್ ಕೊಂಡರು.

ನಮಗೆ ಆ 20 ವರ್ಷ ಇಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದುವರಿಯಿರಿ.

ಹುಬ್ಬಳ್ಳಿ_ಪ್ಲೇಯರ್

ಕತ್ತಲಲ್ಲಿ ಕೂತು ಮ್ಯಾಚ್ ಮಾತಾಡೋದು ನಾವೂ ಮಾಡ್ತೀವಿ ಅಣ್ಣ, ಹಾಸ್ಟೆಲ್ ಟೆರೇಸ್ ಮೇಲೆ 🙂

ಟೋಕಿಯೋ_ಭಟ್ರು

ಏಷ್ಯಾ ಅಂತ ಒಂದೇ ಮಾರುಕಟ್ಟೆ ಇಲ್ಲ, ಮೊದಲು ಅದನ್ನು ಬಿಡಿ. ನಾನು ಇಲ್ಲಿ 9 ವರ್ಷದಿಂದ ಇದ್ದೇನೆ. ಬೆಳಿಗ್ಗೆ ರೈಲಿನಲ್ಲಿ ಪಕ್ಕದವರ ಫೋನ್ ನೋಡಿದರೆ ಗೇಮ್. ಮನೆಗೆ ಹೋದರೆ ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರ. 2025ರ ಜೂನ್ 5ಕ್ಕೆ ಸ್ವಿಚ್ 2 ಬಂದಾಗ ನಾಲ್ಕು ದಿನದಲ್ಲಿ ಜಗತ್ತಿನಾದ್ಯಂತ 35 ಲಕ್ಷ ಹೋಯಿತು. ಜಪಾನಿಗೆ ಅಂತಲೇ ಜಪಾನಿ ಭಾಷೆ ಮಾತ್ರ ಇರುವ ಮಾದರಿಯನ್ನು 49,980 ಯೆನ್‌ಗೆ ಕೊಟ್ಟರು. ಎಲ್ಲ ಭಾಷೆ ಇರುವುದಕ್ಕೆ 69,980. ಊರಿನ ಜನರ ಜೇಬಿಗೆ ತಕ್ಕ ಬೆಲೆ. ಇದನ್ನು ನೀವೂ ಮಾಡಬಹುದು. ಸ್ಟೀಮ್‌ನಲ್ಲಿ ರೂಪಾಯಿ ಬೆಲೆ ಬೇರೆ, ಡಾಲರ್ ಬೆಲೆ ಬೇರೆ ಇಡಿ.

ಫೋನ್ ಗೇಮ್ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಿ. ಇಲ್ಲಿ ಅಂಗಡಿ ಮುಂದೆ ಗಾಚಾ ಯಂತ್ರ ಇರುತ್ತದೆ. ನಾಣ್ಯ ಹಾಕಿ ತಿರುಗಿಸಿದರೆ ಒಂದು ಗೊಂಬೆಯ ಡಬ್ಬಿ ಬೀಳುತ್ತದೆ, ಯಾವುದು ಅಂತ ಗೊತ್ತಿರುವುದಿಲ್ಲ. ಅದೇ ಉಪಾಯ ಫೋನಿಗೆ ಬಂತು. 2012ರಲ್ಲಿ ಇಲ್ಲಿನ ಗ್ರಾಹಕ ಇಲಾಖೆ ಕಂಪು ಗಾಚಾ ಅನ್ನುವ ಬಗೆಯನ್ನು ನಿಲ್ಲಿಸಿತು. ಹಲವು ಗೊಂಬೆ ಸೇರಿಸಿದರೆ ಮಾತ್ರ ದೊಡ್ಡ ಬಹುಮಾನ ಅನ್ನುವುದು ಅದರ ಲೆಕ್ಕ. ಉಳಿದ ಗಾಚಾ ಹಾಗೇ ಬೆಳೆಯಿತು. 2020ರಲ್ಲಿ ಶಾಂಘೈನ ಮಿಹೊಯೊ ಗೆನ್ಶಿನ್ ಇಂಪ್ಯಾಕ್ಟ್ ತಂದು ಅದನ್ನು ಜಗತ್ತಿಗೇ ಹಬ್ಬಿಸಿತು. ಆಡುವುದು ಬಿಟ್ಟಿ, ಪಾತ್ರ ಬೇಕಾದರೆ ಗಾಚಾ ತಿರುಗಿಸು.

ಇಬ್ಬರು_ಮಕ್ಕಳಮ್ಮ

ಇದನ್ನು ಓದಿ ಹೊಟ್ಟೆ ಉರಿಯಿತು. ನನ್ನ ಮಗನಿಗೆ 12 ವರ್ಷ. ನನ್ನ ಫೋನಿನಿಂದ ಎರಡು ತಿಂಗಳಲ್ಲಿ ಚೂರು ಚೂರಾಗಿ 18,400 ರೂಪಾಯಿ ಗೇಮ್‌ಗೆ ಹಾಕಿದ. ಒಂದೊಂದು ಸಲ 79, 159. ಯುಪಿಐ ಪಿನ್ ನಾನು ಒತ್ತುವಾಗ ನೋಡಿಕೊಂಡಿದ್ದ. ಮೆಸೇಜ್ ಬರುತ್ತಿದ್ದವು, ಹಾಲಿನದೋ ತರಕಾರಿಯದೋ ಅಂತ ಬಿಟ್ಟುಬಿಡುತ್ತಿದ್ದೆ. ಗೊತ್ತಾದಾಗ ಅವನು ಅತ್ತ. ನಾನೂ ಅತ್ತೆ. ಕಂಪನಿಗೆ ಬರೆದೆ, ಮೂರು ವಾರ ಆದ ಮೇಲೆ ಒಂದು ಯಾಂತ್ರಿಕ ಉತ್ತರ ಬಂತು.

ಚೀನಾದಲ್ಲಿ ಮಕ್ಕಳಿಗೆ ಹೊತ್ತು ಕಟ್ಟಿದ್ದಾರಂತಲ್ಲ. ಇಲ್ಲೂ ತರಲಿ.

ವಕೀಲ_ಮಂಡ್ಯ

ಮೇಡಂ, ಮೊದಲು ಯುಪಿಐ ಪಿನ್ ಬದಲಿಸಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ರೀಫಂಡ್ ಕೋರಿಕೆಯನ್ನು ಸ್ಟೋರ್‌ಗೂ ಬೇರೆಯಾಗಿ ಹಾಕಿ.

ಚೀನಾದ ನಿಯಮ 2021ರ ಸೆಪ್ಟೆಂಬರ್ 1ರಿಂದ ಇದೆ. 18 ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನ ರಾತ್ರಿ 8ರಿಂದ 9ರ ತನಕ ಮಾತ್ರ ಆಡಬಹುದು. ಕೊರಿಯಾದಲ್ಲಿ ಇದರ ಉಲ್ಟಾ ಆಯಿತು. 2011ರಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ತನಕ 16 ತುಂಬದವರಿಗೆ ಆನ್‌ಲೈನ್ ಗೇಮ್ ಬಂದ್ ಮಾಡಿದ್ದರು. ಮಕ್ಕಳು ಅಪ್ಪ ಅಮ್ಮನ ಹೆಸರಿನಲ್ಲಿ ಲಾಗಿನ್ ಆದರು, ಫೋನ್ ಗೇಮ್‌ಗೆ ಹೋದರು. 2022ರ ಜನವರಿಯಿಂದ ಆ ಕಾನೂನು ಇಲ್ಲ. ಕೊರಿಯಾ ಈಗ ಬೇರೆ ಕಡೆ ಕೈ ಹಾಕಿದೆ. 2024ರ ಮಾರ್ಚ್ 22ರಿಂದ ಗಾಚಾದಲ್ಲಿ ಯಾವುದು ಬೀಳುವ ಸಂಭವ ಎಷ್ಟು ಅಂತ ಕಂಪನಿ ಬಹಿರಂಗ ಮಾಡಲೇಬೇಕು. ಅದೇ ವರ್ಷದ ಜನವರಿಯಲ್ಲಿ ಮೇಪಲ್‌ಸ್ಟೋರಿ ಗೇಮ್‌ನ ಸಂಭವ ಬದಲಿಸಿ ಆಡುವವರಿಗೆ ತಿಳಿಸಲಿಲ್ಲ ಅಂತ ಅದರ ಕಂಪನಿ ನೆಕ್ಸಾನ್‌ಗೆ 1,160 ಕೋಟಿ ವೋನ್ ದಂಡ ಬಿತ್ತು. ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ. ಮಗುವಿನ ಗಡಿಯಾರ ಹಿಡಿಯುವುದಕ್ಕಿಂತ ಮಾರುವವನ ತಕ್ಕಡಿ ನೋಡಬೇಕು.

ಇಬ್ಬರು_ಮಕ್ಕಳಮ್ಮ

ತಕ್ಕಡಿ ನೋಡುವುದು ಸರಿ ಸರ್. ಆದರೆ 12 ವರ್ಷದ ಮಗುವಿಗೆ ಸಂಭವದ ಲೆಕ್ಕ ಗೊತ್ತಾಗುತ್ತದಾ? ಎರಡೂ ಬೇಕು.

ಮೊಬೈಲೇ_ಸಾಕು

ಮೇಡಂಗೆ ಆದದ್ದು ತಪ್ಪು, ಅದನ್ನು ಸಮರ್ಥಿಸುವುದಿಲ್ಲ. ಆದರೆ ಇವರು ಕೇಳಿದ್ದು ಗಾಚಾ ಅಲ್ಲ, ಜಾಹೀರಾತು ಇರುವ ಗೇಮ್. ಎರಡನ್ನೂ ಕಲಸಬೇಡಿ.

ಹುಬ್ಬಳ್ಳಿ_ಪ್ಲೇಯರ್

ನಾವು ಆಡುವವರ ಕಡೆಯಿಂದ ಒಂದು ಮಾತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು. 2021ರ ಜುಲೈನಲ್ಲಿ ಹೆಸರು ಬದಲಿಸಿಕೊಂಡು ಬಿಜಿಎಂಐ ಅಂತ ಬಂತು. 2022ರ ಜುಲೈನಲ್ಲಿ ಅದೂ ಹೋಯಿತು. 2023ರ ಮೇನಲ್ಲಿ ತಿರುಗಿ ಬಂತು. ನಡುವೆ ಫ್ರೀ ಫೈರ್ ಕೂಡ ಹೋಗಿತ್ತು. ನಮ್ಮ ಟೀಮಿನ ಇಬ್ಬರು ಆ ಹತ್ತು ತಿಂಗಳಲ್ಲಿ ಆಟವನ್ನೇ ಬಿಟ್ಟರು. ಒಬ್ಬ ಈಗ ಟೈಲ್ಸ್ ಹಾಕುವ ಕೆಲಸ ಮಾಡುತ್ತಾನೆ, ನಮ್ಮಲ್ಲಿ ಅವನೇ ಬೆಸ್ಟ್ ಸ್ನೈಪರ್.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಗೇಮ್‌ನಲ್ಲಿ ಚಿನ್ನ ಗೆದ್ದ ಕೊರಿಯಾದವರಿಗೆ ಸೈನ್ಯದ ಕಡ್ಡಾಯ ಸೇವೆಯಿಂದಲೇ ವಿನಾಯಿತಿ ಸಿಕ್ಕಿತು. ಆ ಗೇಮ್‌ನ ಅತಿ ಹೆಸರಾಂತ ಆಟಗಾರ ಫೇಕರ್ ಆ ತಂಡದಲ್ಲಿದ್ದರು. ನಮ್ಮ ಮನೆಯಲ್ಲಿ ಇನ್ನೂ "ಫೋನ್ ಇಡೋ" ಅನ್ನುವುದೇ ನಡೆದಿದೆ.

ವಕೀಲ_ಮಂಡ್ಯ

2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಇದೆ ತಮ್ಮಾ. ಹಣ ಕಟ್ಟಿ ಆಡುವ ಗೇಮ್ ನಡೆಸಿದರೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ನಮ್ಮ ಕರ್ನಾಟಕ ಇದನ್ನು 2021ರಲ್ಲೇ ಪೊಲೀಸ್ ಕಾಯ್ದೆ ತಿದ್ದಿ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು.

ತಿರುವು14

ಇದು ನಮಗೂ ತಟ್ಟಿತು. ಕರೆಂಟ್ ಅಕೌಂಟ್ ತೆರೆಯಲು ಒಂದು ಬ್ಯಾಂಕಿಗೆ ಹೋದರೆ, ಗೇಮ್ ಅಂದ ಕೂಡಲೇ "ರಮ್ಮಿನಾ?" ಅಂತ ಕೇಳಿದರು. ಬಸ್ಸಿನ ಚಿತ್ರ ತೋರಿಸಿದೆ. ಮ್ಯಾನೇಜರ್ ಎರಡು ನಿಮಿಷ ನೋಡಿ, "ಈ ಸೀಟಿನ ಕಬ್ಬಿಣದ ಹಿಡಿ ಸರಿಯಾಗಿ ಬಿಡಿಸಿದ್ದೀರಿ" ಅಂದರು. ಆದರೂ ಇನ್ನಷ್ಟು ಕಾಗದ ತನ್ನಿ ಅಂತ ಕಳಿಸಿದರು.

ಸಿಂಗಾಪುರ_ಸವಿತಾ

ನೀವೆಲ್ಲ ಚೀನಾ, ಕೊರಿಯಾ, ಜಪಾನ್ ಅಂತ ಮೂರನ್ನೇ ಹಿಡಿದುಕೊಂಡಿದ್ದೀರಿ. ತಿರುವು14 ನೋಡಬೇಕಾದ ದೇಶ ಇಂಡೋನೇಷ್ಯಾ.

ಅಲ್ಲಿಯೂ ನಮ್ಮ ಹಾಗೇ ಫೋನ್ ಜಾಸ್ತಿ. ಎಲ್ಲಿ ನೋಡಿದರೂ ಮೊಬೈಲ್ ಲೆಜೆಂಡ್ಸ್, ಫ್ರೀ ಫೈರ್. ಅಷ್ಟಾದರೂ ಅಲ್ಲಿನ ಸಣ್ಣ ಸ್ಟುಡಿಯೋಗಳು ಪಿಸಿಗೆ ಗೇಮ್ ಮಾಡಿ ಹೊರಗಡೆ ಮಾರಿದವು. 2020ರಲ್ಲಿ ಟೋಗೆ ಪ್ರೊಡಕ್ಷನ್ಸ್‌ನ ಕಾಫಿ ಟಾಕ್ ಬಂತು. ಕಾಫಿ ಮಾಡಿಕೊಡುತ್ತಾ ಗಿರಾಕಿಗಳ ಮಾತು ಕೇಳುವುದು, ಅಷ್ಟೇ ಆಟ. 2023ರಲ್ಲಿ ಸುರಬಾಯದ ಮೊಜಿಕೆನ್ ಎ ಸ್ಪೇಸ್ ಫಾರ್ ದಿ ಅನ್‌ಬೌಂಡ್ ತಂದಿತು. 90ರ ದಶಕದ ಒಂದು ಸಣ್ಣ ಊರು, ಶಾಲೆಯ ಇಬ್ಬರು ಮಕ್ಕಳು, ಗೂಡಂಗಡಿ, ಬೀದಿ ಬೆಕ್ಕು. ಇಂಡೋನೇಷ್ಯಾ ನೋಡದವರೂ ಅತ್ತು ಆಡಿದರು. ನಾನು ಆಡಿದ್ದೇನೆ. ಆ ಬೀದಿಯಲ್ಲಿ ನಡೆಯುವಾಗ ನನಗೆ ಕಂಡದ್ದು ನಮ್ಮ ಅರಸೀಕೆರೆಯ ಸಂಜೆ. ನಿಮ್ಮ ಬಸ್ ಇದೇ ಜಾತಿಯ ಗೇಮ್.

ಬೇಗ ದುಡ್ಡು ಅನ್ನುವ ದಾರಿ ಎಲ್ಲಿಗೆ ಹೋಯಿತು ಅನ್ನುವುದನ್ನೂ ಈ ಕಡೆ ನೋಡಿದ್ದೇವೆ. ವಿಯೆಟ್ನಾಂನ ಆಕ್ಸಿ ಇನ್ಫಿನಿಟಿ ಅನ್ನುವ ಗೇಮ್ ಆಡಿದರೆ ಕ್ರಿಪ್ಟೊ ಸಿಗುತ್ತದೆ ಅಂತ ಫಿಲಿಪೀನ್ಸ್‌ನಲ್ಲಿ ಎಷ್ಟೋ ಜನ ಕೋವಿಡ್ ಹೊತ್ತಿನಲ್ಲಿ ಅದನ್ನೇ ಕೆಲಸ ಮಾಡಿಕೊಂಡರು. ಟೋಕನ್ ಬೆಲೆ ಬಿತ್ತು. 2022ರ ಮಾರ್ಚ್‌ನಲ್ಲಿ 60 ಕೋಟಿ ಡಾಲರಿಗೂ ಜಾಸ್ತಿ ಕಳ್ಳತನವಾಯಿತು. ನನ್ನ ಜೊತೆ ಕೆಲಸ ಮಾಡುವ ಫಿಲಿಪಿನಾ ಗೆಳತಿಯ ತಮ್ಮ ಸಾಲ ಮಾಡಿ ಆ ಗೇಮ್ ಒಳಗಿನ ಡಿಜಿಟಲ್ ಪ್ರಾಣಿಗಳನ್ನು ಕೊಂಡಿದ್ದ. ಅವಳು ಇನ್ನೂ ತೀರಿಸುತ್ತಿದ್ದಾಳೆ.

ಕರಾವಳಿ_ಕೋಡರ್

ಬಸ್ ಚೆನ್ನಾಗಿದೆ. ಆದರೆ ಪುರಾಣ ಯಾಕೆ ಬಿಟ್ಟಿರಿ? ವುಕಾಂಗ್ ಗೆದ್ದದ್ದು ಅವರ ಹಳೆಯ ಕಥೆಯ ಕೋತಿಯಿಂದ. ನಮ್ಮಲ್ಲಿ ಹನುಮಂತ ಇದ್ದಾನೆ, ಯಕ್ಷಗಾನ ಇದೆ. ಪುಣೆಯವರು 2020ರಲ್ಲೇ "ರಾಜಿ" ಅನ್ನುವ ಪುರಾಣದ ಗೇಮ್ ಮಾಡಿ ತೋರಿಸಿದ್ದಾರೆ.

ಲ್ಯಾನ್_ದಾವಣಗೆರೆ

ಕೋತಿಯಿಂದ ಗೆದ್ದದ್ದಲ್ಲ ಮಾರಾಯರೆ. ಆ ಕೋತಿಯ ಗೇಮ್ ಚೀನಾದಲ್ಲಿ ಎಷ್ಟೋ ಬಂದು ಹೋಗಿವೆ. ಇವರು ಶಾಂಕ್ಸಿ ಪ್ರಾಂತ್ಯದ ನಿಜವಾದ ಗುಡಿ, ಮೂರ್ತಿಗಳನ್ನು ಸ್ಕ್ಯಾನ್ ಮಾಡಿ ಗೇಮ್ ಒಳಗೆ ತಂದರು. ಜನ ಆಮೇಲೆ ಆ ಗುಡಿ ನೋಡಲು ಪ್ರವಾಸ ಹೋದರು. 2020ರ ಆಗಸ್ಟ್ 20ಕ್ಕೆ ಮೊದಲ ವಿಡಿಯೋ, ಸರಿಯಾಗಿ ನಾಲ್ಕು ವರ್ಷಕ್ಕೆ ಗೇಮ್. ಅಷ್ಟು ಸಮಯ, ಅಷ್ಟು ಜನ ನಾಲ್ವರಿಗೆ ಎಲ್ಲಿಂದ ಬರಬೇಕು? ಬಸ್ಸಿನ ಸೀಟಿನ ಹಿಡಿಯಾದರೆ 18 ತಿಂಗಳಲ್ಲಿ ಸರಿಯಾಗಿ ಮಾಡಬಹುದು.

ಕರಾವಳಿ_ಕೋಡರ್

ಸಮಯದ ಮಾತು ಒಪ್ಪಿದೆ. ಪುರಾಣದ ಮಾತು ಬಿಡುವುದಿಲ್ಲ 🙏 ಘಾಟಿ ಇಳಿದರೆ ಮೇಳದವರು ಸಿಗುತ್ತಾರೆ. ಕೊನೆ ಟ್ರಿಪ್ಪಿನಲ್ಲಿ ಒಬ್ಬ ವೇಷಧಾರಿಯನ್ನಾದರೂ ಹತ್ತಿಸಿ. ಮುಖದ ಬಣ್ಣ ಪೂರ್ತಿ ಹೋಗಿರಬಾರದು.

ತಿರುವು14

@ಕರಾವಳಿ_ಕೋಡರ್ ಹತ್ತಿಸಿದೆ. ಈಗಲೇ ಬರೆದುಕೊಂಡೆ.

ಒತ್ತಕ್ಷರ

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಗೇಮ್ ಒಳಗೆ ಕನ್ನಡ ಇರುತ್ತದಾ?

ಇದು ಸುಮ್ನೆ ಅಭಿಮಾನದ ಮಾತಲ್ಲ. ಸ್ಟೀಮ್ ಅಂಗಡಿಯನ್ನು ಥಾಯ್, ವಿಯೆಟ್ನಾಮಿ, ಇಂಡೋನೇಷ್ಯನ್ ಭಾಷೆಗಳಲ್ಲಿ ನೋಡಬಹುದು. ಹಿಂದಿಯೂ ಇಲ್ಲ, ಕನ್ನಡ ಎಲ್ಲಿಂದ. ಕೆಲಸದ ಕಡೆಯಿಂದ ಇನ್ನೊಂದು ತೊಡಕು. ಗೇಮ್ ಕಟ್ಟುವ ಎಂಜಿನ್ (ತಂತ್ರಾಂಶ) ಯೂನಿಟಿಯಲ್ಲಿ ಅಕ್ಷರ ತೋರಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ನಮ್ಮ ಲಿಪಿಯನ್ನು ಜೋಡಿಸುವುದಿಲ್ಲ. "ಟಿಕೆಟ್ಟು" ಅಂತ ಬರೆದರೆ ಒತ್ತು ಕೆಳಗೆ ಬರುವುದಿಲ್ಲ, ಅರ್ಧ ಅಕ್ಷರ ಪಕ್ಕದಲ್ಲಿ ಒಡೆದು ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಒಂದು ಸಣ್ಣ ಗೇಮ್‌ನಲ್ಲಿ ಪ್ರತಿ ಸಾಲನ್ನೂ ಚಿತ್ರ ಮಾಡಿ ಅಂಟಿಸಿದೆ. 640 ಚಿತ್ರ. ಒಂದು ಅಕ್ಷರ ತಪ್ಪಾದರೆ ಮತ್ತೆ ಹೊಸ ಚಿತ್ರ. ಗೊಡಾಟ್ 4 ಎಂಜಿನ್ ತೆಗೆದುಕೊಳ್ಳಿ. ಅದರೊಳಗೆ ಲಿಪಿ ಜೋಡಿಸುವ ಹಾರ್ಫ್‌ಬಜ್ ಇದೆ, ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಅನ್ರಿಯಲ್ ಎಂಜಿನ್‌ನಲ್ಲೂ ಬರುತ್ತದೆ. ಎಂಜಿನ್ ಆರಿಸುವ ಮುಂಚೆಯೇ ಒಂದು ಪುಟ ಕನ್ನಡ ಹಾಕಿ ನೋಡಿ. ಆಮೇಲೆ ಬದಲಿಸುವುದು ತುಂಬಾ ಕಷ್ಟ.

ಟೋಕಿಯೋ_ಭಟ್ರು

@ಒತ್ತಕ್ಷರ 640 ಚಿತ್ರ! ನಿಮಗೆ ದೊಡ್ಡ ನಮಸ್ಕಾರ. ಆ ಗೇಮ್ ಎಲ್ಲಿ ಸಿಗುತ್ತದೆ?

ಒತ್ತಕ್ಷರ

ಮಗಳ ಹುಟ್ಟುಹಬ್ಬಕ್ಕೆ ಮಾಡಿದ್ದು. ಅವಳ ಟ್ಯಾಬ್‌ನಲ್ಲಿ ಮಾತ್ರ ಇದೆ.

ಮೊಬೈಲೇ_ಸಾಕು

ಸರಿ, ದುಡ್ಡಿನ ಲೆಕ್ಕ ಯಾರಾದರೂ ಹೇಳಿ. ಸ್ಟೀಮ್ 30% ಕತ್ತರಿಸುತ್ತದೆ. ಗೂಗಲ್ ಪ್ಲೇ ವರ್ಷದ ಮೊದಲ 10 ಲಕ್ಷ ಡಾಲರ್‌ಗೆ 15% ಮಾತ್ರ. ಹಾಗಿದ್ದರೂ ಪಿಸಿನಾ?

ಸಿಂಗಾಪುರ_ಸವಿತಾ

15% ಯಾವುದರ ಮೇಲೆ ಅನ್ನುವುದು ಮುಖ್ಯ ಅಲ್ವಾ? ಜಾಹೀರಾತಿನ ಗೇಮ್‌ಗೆ ಜನ ಬರಬೇಕಾದರೆ ನೀವೇ ಜಾಹೀರಾತು ಕೊಳ್ಳಬೇಕು. ಒಬ್ಬ ಆಟಗಾರನನ್ನು ತರಲು ಕೊಟ್ಟ ದುಡ್ಡಿಗಿಂತ ಅವನಿಂದ ಬಂದ ದುಡ್ಡು ಜಾಸ್ತಿ ಇದ್ದರೆ ಮಾತ್ರ ಉಳಿಯುತ್ತದೆ. ದೊಡ್ಡ ಕಂಪನಿಗಳು ಹಗಲೂ ರಾತ್ರಿ ಇದೇ ಲೆಕ್ಕ ಮಾಡುತ್ತಿರುತ್ತವೆ. 18 ತಿಂಗಳ ಉಳಿತಾಯ ಮೂರು ವಾರದಲ್ಲಿ ಕರಗುತ್ತದೆ. ಸ್ಟೀಮ್‌ನಲ್ಲಿ 100 ಡಾಲರ್ ಕಟ್ಟಿ ಪುಟ ತೆರೆಯಿರಿ. ಬರಲಿರುವ ಗೇಮ್‌ಗಳ ಡೆಮೊ ತೋರಿಸುವ ಅವರ ನೆಕ್ಸ್ಟ್ ಫೆಸ್ಟ್‌ಗೆ ಒಂದು ಡೆಮೊ ಇಡಿ. ಎಷ್ಟು ಜನ ವಿಶ್‌ಲಿಸ್ಟ್ ಮಾಡುತ್ತಾರೆ, ಅಂದರೆ ಬೇಕು ಅಂತ ಗುರುತಿಟ್ಟುಕೊಳ್ಳುತ್ತಾರೆ, ಅಂತ ನೋಡಿ ಮುಂದಿನ ಹೆಜ್ಜೆ ಇಡಿ.

ಇನ್ನೊಂದು ಮಾತು. ಆಡುವವರು ಅಂದರೆ ಹುಡುಗರು ಅಂತ ಇಲ್ಲಿ ಎಲ್ಲರೂ ಅಂದುಕೊಂಡ ಹಾಗಿದೆ. 2024ರ ಜನವರಿಯಲ್ಲಿ ಬಂದ ಲವ್ ಆಂಡ್ ಡೀಪ್‌ಸ್ಪೇಸ್ ಪೂರ್ತಿ ಹೆಂಗಸರಿಗಾಗಿ ಮಾಡಿದ್ದು, ಚೀನಾದ್ದೇ. ಅದು ಗೆದ್ದ ಮೇಲೆ ಎಲ್ಲ ಕಂಪನಿಗಳೂ ಆ ಕಡೆ ನೋಡುತ್ತಿವೆ. ನಿಮ್ಮ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರ ಕಥೆ ಎಷ್ಟಿವೆ?

ತಿರುವು14

ನಿಜ ಹೇಳುತ್ತೇನೆ. ಈಗ ಬರೆದ 9 ಜನರಲ್ಲಿ ಹೆಂಗಸರು ಇಬ್ಬರೇ. ತಿದ್ದುತ್ತೇವೆ.

ಹುಬ್ಬಳ್ಳಿ_ಪ್ಲೇಯರ್

ವಿಷಯ ಬಿಟ್ಟು ಕೇಳುತ್ತಿದ್ದೇನೆ. ಫುಟ್‌ಬಾಲ್ ಗೇಮ್ ಮಾಡುವ ಅಮೆರಿಕದ ಇಎ ಕಂಪನಿಯನ್ನು ಸೌದಿಯವರು ಕೊಳ್ಳುತ್ತಿರುವುದು ನಿಜನಾ? ಆ ಗೇಮ್ ಏನಾಗುತ್ತದೆ?

ಲ್ಯಾನ್_ದಾವಣಗೆರೆ

ನಿಜ. 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದರು, 5,500 ಕೋಟಿ ಡಾಲರ್ ಒಪ್ಪಂದ. ಸೌದಿಯ ಸರ್ಕಾರಿ ನಿಧಿ ಮತ್ತು ಇನ್ನಿಬ್ಬರು ಹೂಡಿಕೆದಾರರು ಸೇರಿ. ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್ ಕೂಡ 2024ರಿಂದ ರಿಯಾದ್‌ನಲ್ಲಿ ಶುರುವಾಯಿತು. ಏಷ್ಯಾ ಅಂದಾಗ ಆ ಮೂಲೆಯನ್ನೂ ಸೇರಿಸಿಕೊಳ್ಳಬೇಕು.

ಮೊಬೈಲೇ_ಸಾಕು

ಸವಿತಾ ಅವರ ಜಾಹೀರಾತಿನ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪುತ್ತೇನೆ. ಆದರೆ ಒಂದು ಕೇಳಿಕೊಳ್ಳುತ್ತೇನೆ. ಪಿಸಿಯಲ್ಲಿ ಬಂದ ಮೇಲೆ ಫೋನಿಗೂ ತನ್ನಿ, ಒಂದೇ ಬೆಲೆ, ಗಾಚಾ ಬೇಡ, ಜಾಹೀರಾತು ಬೇಡ. ತೀರ್ಥಹಳ್ಳಿಯ ಕಡೆ ಆ ಬಸ್ಸಿನಲ್ಲಿ ನಿಜವಾಗಿ ಓಡಾಡಿದವರ ಮನೆಯಲ್ಲಿ ಪಿಸಿ ಇಲ್ಲ.

ತಿರುವು14

ಈ ಕೊನೆ ಸಾಲು ನಾಟಿತು. ಈಗಷ್ಟೇ ನಾಲ್ವರೂ ಫೋನಿನಲ್ಲಿ ಮಾತಾಡಿದೆವು. ಮೊದಲು ಪಿಸಿ, ಗೊಡಾಟ್‌ನಲ್ಲಿ, ಮೊದಲ ದಿನದಿಂದಲೇ ಕನ್ನಡ. ಆಮೇಲೆ ಫೋನ್, ಒಂದೇ ಬೆಲೆ.

ಈಗ ಬೇಕಾಗಿರುವುದು ಆ ಕಾಲದ ಟಿಕೆಟ್ ಕಟ್ಟು, ಕಂಡಕ್ಟರ್ ಬ್ಯಾಗು, ಟ್ರಿಪ್ ಶೀಟು. ಚಿತ್ರ ಇದ್ದರೆ ಕಳಿಸಿ. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಸರ್ಕಾರಿ ಬಸ್ಸಿನದು, ಖಾಸಗಿ ಮಿನಿ ಬಸ್ಸಿನದು ಸಿಗುತ್ತಿಲ್ಲ.

ಕೊನೆ_ಸೀಟು

ಇಷ್ಟು ದಿನ ಓದುತ್ತಿದ್ದೆ, ಇವತ್ತು ಖಾತೆ ತೆರೆದೆ. ನನಗೆ ಗೇಮ್ ಗೊತ್ತಿಲ್ಲ.

ನಮ್ಮಪ್ಪ ಶಿವಮೊಗ್ಗ-ಉಡುಪಿ ಲೈನಿನಲ್ಲಿ 22 ವರ್ಷ ಕಂಡಕ್ಟರ್ ಆಗಿದ್ದರು. ಚರ್ಮದ ಬ್ಯಾಗು, ಸೀಟಿ, ಹರಿಯದೆ ಉಳಿದ ಎರಡು ಟಿಕೆಟ್ ಕಟ್ಟು ಅಟ್ಟದ ಟ್ರಂಕಿನಲ್ಲಿವೆ. ನಿಮ್ಮ ಮೊದಲ ಪೋಸ್ಟನ್ನು ಅವರಿಗೆ ಓದಿ ಹೇಳಿದೆ. ಬಾಕಿ ಯಾವಾಗಲೂ ಟಿಕೆಟ್ ಹಿಂದೆ ಬರೆಯುತ್ತಿರಲಿಲ್ಲವಂತೆ. ದಿನಾ ಬರುವವರದು ಬಾಯಿಲೆಕ್ಕ, ಹೊಸಬರದು ಮಾತ್ರ ಬರೆಯುವುದು. ಸೋಮೇಶ್ವರದಲ್ಲಿ ಇಳಿಯುತ್ತಿದ್ದ ಒಬ್ಬ ಟೀಚರಮ್ಮನಿಗೆ ಎರಡೂವರೆ ರೂಪಾಯಿ ಕೊಡುವುದು ಉಳಿದೇ ಹೋಯಿತು ಅಂದರು, ಅವರು ವರ್ಗವಾಗಿ ಹೋದರಂತೆ.

ಫೋಟೋದಲ್ಲಿ ಬ್ಯಾಗಿನ ಒಳಗಿನ ಖಾನೆಗಳು ಸರಿಯಾಗಿ ಕಾಣುವುದಿಲ್ಲ. ತೀರ್ಥಹಳ್ಳಿಗೆ ಭಾನುವಾರ ಬನ್ನಿ, ಊಟಕ್ಕೆ ಇಲ್ಲೇ. ಅಪ್ಪ ಟ್ರಂಕ್ ಇಳಿಸಿ ಇಡುತ್ತಾರಂತೆ.

ತಿರುವು14

ನಾಲ್ವರೂ ಬರುತ್ತೇವೆ. ಆ ಎರಡೂವರೆ ರೂಪಾಯಿಯನ್ನು ಗೇಮ್‌ನಲ್ಲಿ ಇಟ್ಟುಕೊಳ್ಳಬಹುದಾ ಅಂತ ಅಪ್ಪನವರನ್ನು ಕೇಳಿ ಇಡಿ.